ಮೂರನೇ ಕಿಡಕ್ಯಾಗಿನ ಮುದುಕ

ನನಗ ಕಸ ಆರಿಸೂ ಚಟ ಹಚ್ಚಿದಾಂವ ನಮ್ಮಪ್ಪ. ಇದನ್ನ ಮೊದಲ ಹೇಳಿಬಿಡ್ತೇನಿ. ಯಾಕಂದ್ರ ಮುಂದ ನಮ್ಮ ಮನ್ಯಾಗ ರಾದ್ಧಾಂತ ಆತಲ್ಲ, ಆವಾಗ ಆಂವ ತನಗೂ ಇದಕ್ಕೂ ಸಂಬಂಧನ ಇಲ್ಲ ಅನ್ನೂವಂಗ ನೆಲಾ ನೋಡ್ಕೋತ ಕುಂತಿದ್ದ. ನಾ ಮೊದಲ ಸಿಟ್ಟಿನ ಹೆಂಗಸು. ಇಪ್ಪತ್ತು ವರ್ಷ ಆದ್ರೂ ಆ ಸಿಟ್ಟು ಇಳಿದಿಲ್ಲ, ಇಳಸಾಕ ನನಗ ಮನಸೂ ಇಲ್ಲ.

ಅಪ್ಪ ಬಸ್ಸಿನ ಕಂಡಕ್ಟರ್ ಇದ್ದ. ನಮ್ಮ ಮನಿ ಬ್ಯಾಡಗ್ಯಾಗ, ಮೆಣಸಿನಕಾಯಿ ಮಾರ್ಕೆಟ್ಟಿನ ಹಿಂದಿನ ಓಣ್ಯಾಗ. ಸುಗ್ಗಿ ಬಂತಂದ್ರ ಓಣಿಗೆ ಓಣಿನ ಸೀನತಿತ್ತು. ಅವ್ವ ಅಂಗಡಿಯವರ ಮೆಣಸಿನಕಾಯಿ ಮನಿಗೆ ತಂದು, ತಲಿಗೆ ಸೆರಗು ಕಟ್ಟಿಕೊಂಡು ತೊಟ್ಟು ಬಿಡಸತಿದ್ಲು. ಅಪ್ಪ ಮುಂಜಾನೆ ರಾಣೇಬೆನ್ನೂರಿಗೆ ಹೋಗಿ ಡ್ಯೂಟಿ ಹತ್ತಿದ್ರ ರಾಣೇಬೆನ್ನೂರು, ಬ್ಯಾಡಗಿ, ಹಾವೇರಿ, ಕರ್ಜಗಿ, ಮತ್ತ ತಿರುಗಿ ಅದ ದಾರಿ. ಸಂಜಿಮುಂದ ಮನಿಗೆ ಬಂದಾಂವನ ಖಾಕಿ ಅಂಗಿ ಕಿಸೆದಾಗ ನನಗಂತ ಏನರೆ ಇರತಿತ್ತು. ಏನಂತ ಹೇಳಿದ್ರ ನಗ್ತೀರಿ. ತೀರಿದ ಟಿಕೀಟಿನ ಕಟ್ಟಿನ ರಟ್ಟು, ಕಡ್ಡಿಪೆಟ್ಟಿಗಿ ಮ್ಯಾಲಿನ ಚಿತ್ರ, ಯಾರೋ ಬಿಟ್ಟುಹೋದ ಹತ್ತಿಬೀಜದ ಖಾಲಿ ಪಾಕೀಟು, ಸಿಗರೇಟು ಪ್ಯಾಕಿನ ಒಳಗಿನ ಬೆಳ್ಳಿ ಹಾಳಿ. ಹಾವೇರ್ಯಾಗ ಏಲಕ್ಕಿ ಹಾರ ಮಾಡ್ತಾರಲ್ಲ, ಅದರಿಂದ ಉದುರಿದ ಜರಿ ಎಳಿ ಒಮ್ಮೊಮ್ಮೆ. ಎಲ್ಲಾ ಸೀಟಿನ ಕೆಳಗ ಸಿಕ್ಕದ್ದು.

ಕಂಡಕ್ಟರನ ಮಗಳು ಊರೂರು ಪುಗಸಟ್ಟೆ ತಿರಗತಾಳ ಅಂತ ನಮ್ಮ ಸಾಲಿ ಹುಡುಗ್ಯಾರು ತಿಳಕೊಂಡಿದ್ರು. ಎಲ್ಲಿಂದ ಬರಬೇಕ್ರಿ! ಅಪ್ಪ ಒಮ್ಮೆರೆ ನನ್ನ ಆ ಬಸ್ಸಿಗೆ ಹತ್ತಿಸಲಿಲ್ಲ. "ನಾ ಟಿಕೀಟು ಹರೀಲೋ, ನಿನ್ನ ಕಾಯಲೋ?" ಅಂತಿದ್ದ. ಅದಕ್ಕ ಊಟಕ್ಕ ಕುಂತಾಗ ಆಂವ ಹೇಳಿದ್ದನ್ನ ಕೇಳಿ ನಾ ಹಾಳಿ ಮ್ಯಾಲ ಊರು ಮಾಡತಿದ್ದೆ. ಹಳೇ ಕ್ಯಾಲೆಂಡರಿನ ಹಿಂದಿನ ಮಗ್ಗಲಿಗೆ ಮೈದಾ ಅಂಟು ಹಚ್ಚೂದು, ಚೂರು ಚೂರು ಕತ್ತರಿಸಿ ಕೂಡ್ರಸೂದು. ಎರಿ ಹೊಲಕ್ಕ ದಲಾಲಿ ಅಂಗಡಿಯವರು ಒಗೆದ ಕಾರ್ಬನ್ ಹಾಳಿ. ಗಿಡಕ್ಕ ಮೆಣಸಿನಕಾಯಿ ತೊಟ್ಟು. ಕುಪ್ಪೇಲೂರಿನ ದಾರಿಗೆ ಕಂದು ಲಕೋಟಿ. ನಾ ಕಾಣದ ಊರುಗಳೆಲ್ಲಾ ನನ್ನ ಟ್ರಂಕಿನ್ಯಾಗ ಒಂದರ ಮ್ಯಾಲ ಒಂದು ಮಲಗಿದ್ದುವು.

ನನಗಿಂತ ಐದು ವರ್ಷಕ್ಕ ದೊಡ್ಡಾಕಿ ನಮ್ಮಕ್ಕ. ಆಕಿಗೆ ನನ್ನ ಕತ್ರಿ-ಅಂಟಿನ ಹುಚ್ಚು ಇರಲಿಲ್ಲ. ಆಕಿ ಕೈ ಕಸೂತಿಗೆ ಪಳಗಿತ್ತು. ಆದ್ರ ಅವ್ವನ ಕಣ್ಣು ತಪ್ಪಿಸಿ ಒಲಿ ಮ್ಯಾಲ ಮೈದಾ ಕುದಿಸಿ ಅಂಟು ಮಾಡಿ ಕೊಡತಿದ್ದಾಕಿ ಆಕಿನ. ಪಿಯುಸಿ ಮುಗಿಸಿ ಮನ್ಯಾಗ ಕುಂತಿದ್ಲು. ಹಾವೇರಿಗೆ ಹೋಗಿ ಡಿಗ್ರಿ ಓದಬೇಕು ಅಂತ ಆಕಿಗೆ ಭಾಳ ಆಸೆ. ಅಪ್ಪ ಕೇಳಲಿಲ್ಲ. "ಕೊಟ್ಟ ಮನ್ಯಾಗ ಓದಸ್ತಾರಂದ್ರ ಓದು, ನಾ ಏನು ಬ್ಯಾಡ ಅಂದೇನೇನ?" ಅಂದುಬಿಟ್ಟ. ನಾ ಹಾವೇರಿ ಹಾಳಿ ಮಾಡೂ ಮುಂದ ಅಕ್ಕ ಮಗ್ಗಲಕ ಬಂದು ಕುಂತು, "ಕಾಲೇಜು ಸ್ವಲ್ಪ ದೊಡ್ಡದು ಮಾಡ ತಂಗಿ, ಬಸ್ಟ್ಯಾಂಡಿಗಿಂತ ಸಣ್ಣದು ಮಾಡಿದಿ ನೋಡು" ಅಂತಿದ್ಲು. ನಾ ಪೇಢೆ ಪೆಟ್ಟಿಗಿ ಹರಿದು, ಹಳದಿ ರಟ್ಟಿನ ದೊಡ್ಡ ಕಾಲೇಜು ಮಾಡಿದೆ.

ಎರಡು ಸಾವಿರದ ಇಸವಿ ದಾಟಿ ಎರಡು ಮೂರು ವರ್ಷ ಆಗಿರಬೇಕು, ನಾ ಒಂಬತ್ತನೇ ಇಯತ್ತೆ ಇದ್ದೆ. ದೀಪಾವಳಿ ಸೂಟಿಯಾಗ ಅಪ್ಪನ ಇಡೀ ದಾರಿ ಒಂದ ಚಿತ್ರದಾಗ ತರಬೇಕಂತ ಹಠಕ್ಕ ಬಿದ್ದೆ. ಸೀರಿ ಅಂಗಡಿಯವರ ರಟ್ಟು ಎರಡು ಜೋಡಿಸಿದ್ರ ಎರಡು ಮೊಳ ಉದ್ದ ಆತು. ಈ ತುದಿಗೆ ರಾಣೇಬೆನ್ನೂರು, ಬೀಜದ ಪಾಕೀಟಿನ ಮ್ಯಾಲಿನ ಹತ್ತಿ ಹೂವಿಂದ ಮಾಡಿದ್ದು. ನಡುವ ಬ್ಯಾಡಗಿ, ಪೂರಾ ಕೆಂಪು ಬ್ಯಾಗಡಿ ಹಾಳಿ. ಆಮ್ಯಾಲ ಅಕ್ಕನ ಕಾಲೇಜು ಇರೂ ಹಾವೇರಿ. ಆ ತುದಿಗೆ ಕರ್ಜಗಿ, ಅಲ್ಲಿ ವರದಾ ಹೊಳಿ. ಹೊಳಿಗೆ ಸಿಗರೇಟಿನ ಬೆಳ್ಳಿ ಹಾಳಿ ಎಷ್ಟು ಹಚ್ಚಿದ್ನೋ ಲೆಕ್ಕನ ಇಲ್ಲ. ಹೊಳಿ ದಂಡಿಗೆ ಬರೇ ಟಿಕೀಟಿಂದ ಮಾಡಿದ ಬಸ್ಸು. ಅದಕ್ಕ ಆರು ಕಿಡಕಿ, ಕಿಡಕಿಗೊಂದು ಮುಖ. ಸೋಪಿನ ಜಾಹೀರಾತಿನ ಹೆಂಗಸು, ಬಿಸ್ಕೀಟು ಪುಡಿಕಿ ಮ್ಯಾಲಿನ ಕೂಸು, ಪೇಪರಿನ್ಯಾಗಿನ ಪೈಲವಾನ, ಹಿಂಗ ಐದು ಕಿಡಕಿ ತುಂಬಿದುವು. ಮೂರನೇದು ಒಂದು ಖಾಲಿ ಉಳೀತು.

"ಅಪ್ಪಾ, ಒಂದು ಮುಖಾ ಕಡಿಮಿ ಬಿದ್ದೈತಿ ನೋಡು" ಅಂದೆ. ಮರುದಿನ ಸಂಜಿಕೆ ಅಪ್ಪ ಕಿಸೆದಾಗಿಂದ ಒಂದು ಅರ್ಧ ಕಾರ್ಡು ತೆಗೆದು ಕೊಟ್ಟ. ದಪ್ಪನ್ನ ನುಣುಪು ಕಾರ್ಡು, ನಡುವ ಕೈಲೆ ಹರಿದಿದ್ದು. ಅದರ ಮ್ಯಾಲ ಒಬ್ಬ ಮುದುಕನ ಫೋಟೋ. ಬಿಳಿ ರುಮಾಲು, ದಪ್ಪನ ಮೀಸಿ, ಸಣ್ಣಗೆ ನಗಾಕತ್ತಿದ್ದ. ಕಿಡಕ್ಯಾಗ ಕೂಡ್ರಸಾಕ ಹೇಳಿ ಮಾಡಿಸಿದ ಮುಖ.

"ಯಾರಪ್ಪಾ ಇಂವ?" ಅಂದೆ.

"ಯಾರರೆ ಇರಲಿ ತಗೋ. ಪ್ಯಾಸೆಂಜರ್ ಅಂತ ತಿಳಕೊಂಡು ಕೂಡ್ರಸು" ಅಂತ ನಕ್ಕ.

ನಮ್ಮ ಕಡೆ ಒಂದು ರೂಢಿ ಐತಿ. ಮದಿವಿ ಪತ್ರಿಕಿಗೆ ಅರಿಷಿಣ ಹಚ್ಚಿರ್ತಾರ, ಅದನ್ನ ಹರಿಯೂದಿಲ್ಲ, ದೇವರ ಜಗಲಿ ಮ್ಯಾಲ ಇಡ್ತಾರ. ತೀರಿಕೊಂಡವರ ಕಾರ್ಯದ ಪತ್ರಿಕಿ ಬಂದ್ರ ಹೊರಗ ನಿಂತ ಓದಬೇಕು, ಓದಿ ಅಲ್ಲೆ ಹರಿದು ಒಗೀಬೇಕು, ಹೊಚ್ಚಲಾ ದಾಟಿಸಿ ಒಳಗ ತರಬಾರ್ದು. ಬಸ್ಸಿನ್ಯಾಗ ಕೈಗೆ ಬಂದ ಪತ್ರಿಕಿನ ಮಂದಿ ಬಸ್ಸಿನ್ಯಾಗ ಓದಿ ಹರಿದು ಬಿಟ್ಟು ಹೋಗ್ತಾರ. ಹದಿನೆಂಟು ವರ್ಷ ಬಸ್ಸಿನ್ಯಾಗ ತಿರುಗಿದ ಮನಿಷಾಗ ಹರಿದ ಕಾರ್ಡು ಅಂದ್ರ ಏನಂತ ತಿಳೀಲಿಲ್ಲ ಅಂದ್ರ ನಾ ನಂಬಬೇಕೇನ್ರಿ? ಆಂವಗ ಗೊತ್ತಿತ್ತು. ಮಗಳು ಕೇಳ್ಯಾಳ, ಸಿಕ್ಕೈತಿ, ಕೊಟ್ರಾತು, ಯಾರು ನೋಡ್ತಾರ ಅಂತ ತಂದು ಕೊಟ್ಟ.

ಅಪ್ಪಗ ಆ ಚಿತ್ರದ ಮ್ಯಾಲ ಭಾಳ ಜೀವ ಆತು, ತನ್ನ ದಾರಿ ಅಲ್ಲೇನು! ರಾಣೇಬೆನ್ನೂರಿನ್ಯಾಗ ದೇವರ ಫೋಟೋಕ್ಕ ಕಟ್ಟು ಹಾಕೂ ಅಂಗಡಿಗೆ ಒಯ್ದು ಸಾಗವಾನಿ ಕಟ್ಟು, ಗಾಜು ಹಾಕಿಸಿಕೊಂಡು ಬಂದ. ಪಡಸಾಲ್ಯಾಗ ಮೊಳಿ ಬಡಿದು ತೂಗುಬಿಟ್ಟ. ಬಂದವರೆಲ್ಲಾ ನಿಂತು ನೋಡಾಕ ಹತ್ತಿದ್ರು. ನನಗಂತೂ ಕಾಲು ನೆಲಕ್ಕ ಹತ್ತಲಿಲ್ಲ.

ಆ ಬ್ಯಾಸಗ್ಯಾಗ ಅಕ್ಕಗ ಹಾವೇರಿಯಿಂದ ಒಂದು ಸಂಬಂಧ ಬಂತು. ಹುಡುಗ ಕಚೇರ್ಯಾಗ ಕಾರಕೂನ. ಆಂವಗ ಅಪ್ಪ ಇಲ್ಲ, ತಾಯಿ ಅದಾಳ, ಸೋದರಮಾವ ಎಲ್ಲಾ ನೋಡಿಕೊಳ್ತಾನ. ನಡುವಿನ ಮನಿಷಾನ ಕೂಡ ಆ ಹುಡುಗ ಒಂದು ಮಾತು ಹೇಳಿಕಳಿಸಿದ್ದ: ಹುಡುಗಿಗೆ ಮನಸಿದ್ರ ಡಿಗ್ರಿ ಓದಸ್ತೇವಿ. ಆ ಮಾತು ಕೇಳಿದ ದಿನದಿಂದ ಅಕ್ಕನ ನಡಿಗಿನ ಬ್ಯಾರೆ ಆತು. ನೀರು ತುಂಬೂ ಮುಂದ ಹಾಡತಿದ್ಲು. ಹಳೇ ಪಿಯುಸಿ ಪುಸ್ತಕ ಅಟ್ಟದಿಂದ ಇಳಿಸಿ ಧೂಳಾ ಝಾಡಿಸಿ ಇಟ್ಲು. ಹುಡುಗನ ಮಾರಿ ಇನ್ನೂ ನೋಡಿರಲಿಲ್ಲ, ಆಕಿ ಆಗಲೇ ಕಾಲೇಜಿಗೆ ಹೋಗಾಕತ್ತಿದ್ಲು.

ಕನ್ಯಾ ನೋಡಾಕ ಬರೂ ದಿನ ಪಡಸಾಲ್ಯಾಗ ಹುಡುಗಿ ಕೈಗೆಲಸ ಇಡೂದು ನಮ್ಮಲ್ಲಿ ಎಲ್ಲಾರ ಮನ್ಯಾಗೂ ಐತಿ. ಮಣಿ ತೋರಣ, ಕಸೂತಿ, ವಾಯರ್ ಬುಟ್ಟಿ. ಬಂದವರು "ಇದು ಯಾರು ಮಾಡಿದ್ದು?" ಅಂತ ಕೇಳಬೇಕು, ತಾಯಿ ಆದಾಕಿ "ನಮ್ಮ ಹುಡುಗೀನ ಮಾಡಿದ್ದು" ಅನ್ನಬೇಕು. ಅರ್ಧಕ್ಕರ್ಧ ಓಣ್ಯಾಗಿಂದ ಇಸಗೊಂಡು ಬಂದಿದ್ದು ಇರತೈತಿ ಅನ್ನೂದು ಎರಡೂ ಕಡೆಯವರಿಗೂ ಗೊತ್ತು. ಅವತ್ತು ಮುಂಜಾನೆ ಅವ್ವ ಗ್ವಾಡಿ ಮ್ಯಾಲಿನ ನನ್ನ ಚಿತ್ರಕ್ಕ ಬಟ್ಟಿ ಹಾಕಿ ಒರಸಾಕತ್ತಿದ್ಲು.

"ಇದು ಅಕ್ಕ ಮಾಡಿದ್ದಂತ ಹೇಳೂದು, ತಿಳೀತಿಲ್ಲೋ?" ಅಂದ್ಲು.

"ಅದು ನಂದು" ಅಂದೆ.

"ನಿಂದಾದ್ರ ಏನೀಗ? ನಿನ್ನ ನೋಡಾಕ ಬರಾಕತ್ತಾರೇನ?"

ಅಕ್ಕ ನಡುವ ಬಾಯಿ ಹಾಕಿದ್ಲು. "ಬ್ಯಾಡ ಬಿಡವ್ವಾ. ನನ್ನ ಕಸೂತಿ ಐತಲ್ಲ, ಅದನ್ನ ಇಡು."

"ಕಸೂತಿ ಎಲ್ಲಾರ ಮನ್ಯಾಗೂ ಇರತೈತಿ. ಇಂಥಾದ್ದು ಯಾರ ಮನ್ಯಾಗ ಐತಿ ಹೇಳು?" ಅಂದ್ಲು ಅವ್ವ. ಅಲ್ಲಿಗೆ ಮಾತು ಮುಗೀತು. ನಾ ಮಾರಿ ಉಬ್ಬಿಸಿಕೊಂಡು ಅಡಗಿಮನಿಗೆ ಹೋದೆ.

ಹನ್ನೊಂದು ಗಂಟೆ ಸುಮಾರು ಅವರು ಬಂದ್ರು. ಹುಡುಗ, ಆಂವನ ತಾಯಿ, ಸೋದರಮಾವ. ಅಡಗಿಮನಿ ಬಾಗಲಕ್ಕ ಅವ್ವನ ಹಳೇ ಸೀರಿದೊಂದು ಪರದೆ ಇತ್ತು, ನೆಲದಿಂದ ಗೇಣುದ್ದ ಮ್ಯಾಲಕ್ಕ ಉಳಿದಿತ್ತು. ನಾ ಅದರ ಹಿಂದ ನಿಂತು ಸಂದ್ಯಾಗಿಂದ ನೋಡಾಕತ್ತಿದ್ದೆ. ಅಕ್ಕ ನೀರು ಕೊಟ್ಟು ಚಾಪಿ ಮ್ಯಾಲ ಕುಂತ್ಲು. ಹುಡುಗ ಕೇಳಿದ್ದ ಒಂದ ಮಾತು, "ಡಿಗ್ರಿಗೆ ಯಾವ ವಿಷಯ ತಗೋಬೇಕಂತ ಮಾಡೀರಿ?" ಅಕ್ಕ ತಲಿ ಎತ್ತಿ, "ಇತಿಹಾಸರಿ" ಅಂದ್ಲು. ಆ ದನಿ ನಾ ಎಂದೂ ಕೇಳಿರಲಿಲ್ಲ, ಅಷ್ಟು ಖುಷಿ ಇತ್ತು ಅದರಾಗ.

ಹುಡುಗನ ತಾಯಿ ಎದ್ದು ಚಿತ್ರದ ಮುಂದ ನಿಂತ್ಲು. "ಇದನ್ನ ಯಾರು ಮಾಡಿದ್ದವಾ?"

ಅವ್ವ ಅಕ್ಕನ ಕಡೆ ನೋಡಿದ್ಲು. ಅಕ್ಕ, "ನಾನ ಮಾಡೇನ್ರಿ" ಅಂದ್ಲು.

"ಅಯ್ಯ, ಎಷ್ಟು ಚೆಂದ ಮಾಡಿದಿ ನನ್ನವ್ವಾ!" ಆಕಿ ಗಾಜಿನ ಮ್ಯಾಲ ಬೆರಳು ಇಟ್ಟು ರಾಣೇಬೆನ್ನೂರಿಂದ ದಾರಿ ಹಿಡಿದು ಹೊಂಟ್ಲು. ಬ್ಯಾಡಗಿ ಬಂತು, ನಕ್ಕಳು. ಹಾವೇರಿ ಬಂತು, "ನಮ್ಮ ಮನಿ ಇಲ್ಲೆ ಬರತೈತಿ ನೋಡು" ಅಂದ್ಲು. ಕರ್ಜಗಿ ಹೊಳಿ ಕಂಡಕೂಡ್ಲೆ ತಿರುಗಿ, "ಇದು ನನ್ನ ತವರುಮನಿ ಊರು!" ಅಂತ ಎಲ್ಲಾರಿಗೂ ಹೇಳಿದ್ಲು. ಆಮ್ಯಾಲ ಬೆರಳು ಬಸ್ಸಿನ ಮ್ಯಾಲ ಬಂತು. ಮೊದಲನೇ ಕಿಡಕಿ, ಎರಡನೇ ಕಿಡಕಿ.

ಮೂರನೇದಕ್ಕ ಬಂದು ಅಲ್ಲೆ ನಿಂತುಬಿಡ್ತು.

"ನಮ್ಮಪ್ಪ" ಅಂದ್ಲು. ದನಿ ಸಣ್ಣದಿತ್ತು, ಯಾರಿಗೂ ಒಮ್ಮೆಲೆ ತಿಳೀಲಿಲ್ಲ. "ಅಣ್ಣಾ, ಇಲ್ಲಿ ಬಾ. ನಮ್ಮಪ್ಪನ್ನ ಇಲ್ಲಿ ಯಾರು ಕೂಡ್ರಿಸ್ಯಾರ?"

ಸೋದರಮಾವ ಎದ್ದು ಬಂದ. ಮೂಗು ಗಾಜಿಗೆ ಹತ್ತೂವಂಗ ಬಗ್ಗಿ ನೋಡಿದ. "ಇದು ಕಾರ್ಯದ ಪತ್ರಿಕಿ ಮ್ಯಾಲಿನ ಫೋಟೋ. ನಾನ ಕೊಟ್ಟು ಹಾಕ್ಸಿದ್ದು" ಅಂದ. ಅವರಪ್ಪ ತೀರಿಕೊಂಡು ಆವಾಗಿನ್ನೂ ವರ್ಷ ತುಂಬಿರಲಿಲ್ಲಂತ. ಆಂವ ಅಕ್ಕನ ಕಡೆ ತಿರುಗಿದ. "ಏನವಾ, ಇದು ನಿನಗ ಎಲ್ಲಿ ಸಿಕ್ತು?"

ಅಕ್ಕ ಏನು ಹೇಳಬೇಕ್ರಿ? ಆಕಿಗೆ ಗೊತ್ತಿದ್ರಲ್ಲ? ನಾ ಮಾಡಿಲ್ಲ ಅಂದ್ರ ಈಗಷ್ಟ ಸುಳ್ಳು ಹೇಳಿದಾಕಿ ಆಗ್ತಾಳ. ನಮ್ಮ ತಂಗಿ ಮಾಡಿದ್ದು ಅಂದ್ರ ನಾಳೆ ಆ ತಂಗಿಗೂ ಹೆಸರು ಕೆಡತೈತಿ. ಆಕಿ ಒಮ್ಮೆ ಅಪ್ಪನ ಕಡೆ ನೋಡಿದ್ಲು. ಅಪ್ಪ ನೆಲಾ ನೋಡತಿದ್ದ. ಒಮ್ಮೆ ಅಡಗಿಮನಿ ಬಾಗಲದ ಕಡೆ ನೋಡಿದ್ಲು. ನಾ ಪರದೆ ಗಟ್ಟಿಯಾಗಿ ಹಿಡಕೊಂಡಿದ್ದೆ. ಹೊರಗ ಬಂದು "ಅದು ನನ್ನ ಕೆಲಸರಿ, ಅಕ್ಕಂದೇನೂ ತಪ್ಪಿಲ್ಲ" ಅಂದಿದ್ರ ಸಾಕಿತ್ತು. ಬೈಸಿಕೊಂತಿದ್ದೆ, ಹೊಡತಾ ತಿಂತಿದ್ದೆ, ಹದಿನಾಲ್ಕು ವರ್ಷದ ಹುಡುಗಿಗೆ ಅದಕ್ಕಿಂತ ಹೆಚ್ಚಿಗಿ ಯಾರು ಏನು ಮಾಡತಿದ್ರು? ನಾ ಬರಲಿಲ್ಲ.

"ಹುಡುಗ್ಯಾರ ಹುಚ್ಚಾಟರಿ, ತಿಳೀದ ಮಾಡ್ಯಾಳ" ಅಂದ ಅಪ್ಪ. ಕಿಸೆದಾಗಿಂದ ತೆಗೆದು ಕೊಟ್ಟ ಪುಣ್ಯಾತ್ಮ ಆಡಿದ ಮಾತು ಇದು!

ಆ ತಾಯಿ ಬೈಲಿಲ್ಲ. ಸೆರಗಿಂದ ಗಾಜಿನ ಮ್ಯಾಲ, ಆ ಕಿಡಕಿ ಇದ್ದಷ್ಟ ಜಾಗಾ, ಒರಸಿದ್ಲು. ಆಕಿ ಬೈದಿದ್ರ ನನಗ ಇಷ್ಟು ಸಂಕಟ ಆಗತಿರಲಿಲ್ಲ. ಸೋದರಮಾವ ಮಾತ್ರ ಚಪ್ಲಿ ಮೆಟ್ಟಿಕೊಂತ ಹೇಳಿದ: "ಸತ್ತವರ ಪತ್ರಿಕಿ ಹೊಚ್ಚಲಾ ದಾಟಿಸಬಾರ್ದು ಅನ್ನೂದು ತಿಳೀದಾಕಿ ನಮ್ಮ ಮನಿ ಹೆಂಗ ನಡಸ್ಯಾಳು? ಕತ್ರಿ ಹಚ್ಚ್ಯಾಳಲ್ರೀ ನಮ್ಮಪ್ಪಗ!" ಹುಡುಗ ಏನೋ ಹೇಳಾಕ ಬಾಯಿ ತೆಗೆದ, ಮಾವ ರಟ್ಟಿ ಹಿಡಿದು ಕರಕೊಂಡು ಹೋದ. ತಾಟಿನ್ಯಾಗಿನ ಉಪ್ಪಿಟ್ಟು ಹಂಗ ಉಳೀತು.

ಇನ್ನೊಂದು ಹೇಳಬೇಕು. ಇದನ್ನ ನಾ ಅಕ್ಕಗೂ ಹೇಳಿಲ್ಲ, ಗಂಡಗೂ ಹೇಳಿಲ್ಲ. ಆ ಅರ್ಧ ಕಾರ್ಡಿನ ಮ್ಯಾಲ ಫೋಟೋದ ಕೆಳಗ ಹರಿದ ಜಾಗಾದಾಗ "ಲಿಂ." ಅಂತ ಒಂದು ಅಕ್ಷರ, ಒಂದು ಚುಕ್ಕಿ ಉಳಿದಿತ್ತು. ನಮ್ಮ ಮಂದ್ಯಾಗ ತೀರಿಕೊಂಡವರ ಹೆಸರಿನ ಮುಂದ ಹಾಕೂದು. ಒಂಬತ್ತನೇ ಇಯತ್ತೆ ಹುಡುಗಿಗೆ ಅದು ಓದಾಕ ಬರತಿರಲಿಲ್ಲ ಅಂತೀರೇನು? ಓದಿದ್ದೆ. ಓದಿ, ಯಾರ ಕೈಗೂ ಸಿಗಬಾರ್ದಂತ ಕತ್ತರಿಸಿ ಒಲಿಗೆ ಹಾಕಿದ್ದೆ. ಆ ಮುಖ ನನಗ ಬೇಕಾಗಿತ್ತು, ಅಷ್ಟ. ಅಪ್ಪನ ಮ್ಯಾಲಿನ ನನ್ನ ಸಿಟ್ಟಿನ್ಯಾಗ ಅರ್ಧಾ ನನ್ನ ಮ್ಯಾಲಿಂದು.

ಮಾತು ನಿಲ್ಲಲಿಲ್ಲ. ಅಪ್ಪನ ಬಸ್ಸನ್ನ ಹತ್ತಿ ಹಾವೇರಿಗೂ ಹೋತು, ರಾಣೇಬೆನ್ನೂರಿಗೂ ಹೋತು. ಆಮ್ಯಾಲ ಬಂದ ಒಂದು ಸಂಬಂಧದವರು ಬಾಗಲದಾಗ ನಿಂತ, "ಆ ಸತ್ತವರ ಫೋಟೋ ಕತ್ತರಿಸಿದ ಹುಡುಗಿ ಈಕಿನ ಏನ್ರಿ?" ಅಂತ ಕೇಳಿದ್ರು. ಅವ್ವ ಅವತ್ತ ನನ್ನ ಟ್ರಂಕಿನ್ಯಾಗಿನ ಹಾಳಿ ಎಲ್ಲಾ ತೆಗೆದು ಬಚ್ಚಲ ಒಲಿಗೆ ಹಾಕಿದ್ಲು. ದೊಡ್ಡ ಚಿತ್ರಾನೂ ಹೋತು. ಕಟ್ಟು ಮಾತ್ರ ಬಿಚ್ಚಿ ಅಟ್ಟಕ್ಕ ಹಾಕಿದ್ಲು, ಸಾಗವಾನಿ ಅಲ್ಲೇನು, ಸುಡಾಕ ಮನಸ ಬರಲಿಲ್ಲ. ಹತ್ತಿ ಹೂವು, ಬೆಳ್ಳಿ ಹೊಳಿ, ಹಳದಿ ಕಾಲೇಜು ಎಲ್ಲಾ ಸೇರಿ ಒಂದು ಹಂಡೆ ನೀರು ಕಾದುವು. ಆ ನೀರು ನಾನ ಮೈಮ್ಯಾಲ ಹಾಕ್ಕೊಂಡೆ.

ಎರಡು ವರ್ಷ ಹಂಗ ಕಳೀತು. ಕಡೀಕ ಅಕ್ಕನ್ನ ಕುಪ್ಪೇಲೂರಿಗೆ ಕೊಟ್ರು. ಎರಡನೇ ಸಂಬಂಧ, ಮೊದಲಿನ ಹೆಂಡ್ತಿದು ಎರಡು ಮಕ್ಕಳಿದ್ದುವು. ಹೊಲಮನಿ ಇತ್ತು, ಊಟಕ್ಕೇನೂ ಕಡಿಮಿ ಇರಲಿಲ್ಲ. ಡಿಗ್ರಿ ಮಾತು ಯಾರೂ ಎತ್ತಲಿಲ್ಲ. ಗಂಡನ ಮನಿಗೆ ಹೋಗೂ ದಿನ ಅಕ್ಕ ಆ ಪಿಯುಸಿ ಪುಸ್ತಕ ತಾನ ಕಟ್ಟಿ ರದ್ದಿಯಾಂವಗ ಹಾಕಿದ್ಲು.

ಆಮ್ಯಾಲ ಎರಡು ಮೂರು ವರ್ಷಕ್ಕ ನನ್ನ ಪಾಳಿ ಬಂತು. ರಾಣೇಬೆನ್ನೂರಿನವರು ನೋಡಾಕ ಬರತಾರಂದ್ರು. ಕೆಲಸಕ್ಕ ಕೈ ಬೇಕಂತ ಅವ್ವ ಅಕ್ಕನ್ನ ಕುಪ್ಪೇಲೂರಿಂದ ಕರೆಸಿದ್ಲು. ಮುಂಜಾನೆ ಎದ್ದು ಪಡಸಾಲಿಗೆ ಬಂದು ನೋಡ್ತೇನಿ, ಅದ ಮೊಳಿ, ಅದ ಸಾಗವಾನಿ ಕಟ್ಟು, ಅದ ಗಾಜು. ಒಳಗ ಅಕ್ಕನ ಕಸೂತಿ. ಕರೇ ಬಟ್ಟಿ ಮ್ಯಾಲ ಗೋಪುರ, ಆನಿ, ತುಳಸಿಕಟ್ಟಿ.

"ನಾನ ಮಾಡೇನಿ ಅನ್ನು" ಅಂದ್ಲು ಅವ್ವ, ನನ್ನ ಕಡೆ ನೋಡದ.

ಈ ಸರ್ತಿ ನಾ ಹಠ ಹಿಡೀಲಿಲ್ಲ. ಅಕ್ಕ ಅಲ್ಲೆ ಕುಂತು ಉಪ್ಪಿಟ್ಟಿಗೆ ಉಳ್ಳಾಗಡ್ಡಿ ಹೆಚ್ಚಾಕತ್ತಿದ್ಲು. ನನಗ ಆ ಮನಿ ಬಿಟ್ಟು ಹೋದ್ರ ಸಾಕಾಗಿತ್ತು, ಅಷ್ಟಕ್ಕ ಯಾವ ಸುಳ್ಳು ಬೇಕಾದ್ರೂ ಹೇಳತಿದ್ದೆ.

ಹೇಳಿದೆ. ಹುಡುಗನ ಅಜ್ಜಿ ಕಸೂತಿ ನೋಡಿ, "ಇದನ್ನ ಯಾರು ಹಾಕಿದ್ದವಾ?" ಅಂದ್ಲು. "ನಾನ ಹಾಕೇನ್ರಿ" ಅಂದೆ. ಮುದುಕಿ ಬಿಡಲಿಲ್ಲ. ಆಕಿ ತನ್ನ ಕಾಲಕ್ಕ ಕಸೂತಿ ಹಾಕಿದಾಕಿನ ಇರಬೇಕು, ಗೋಪುರದ ಮ್ಯಾಲ ಬೆರಳು ಇಟ್ಟು, "ಈ ಹೊಲಿಗಿಗೆ ಏನಂತಾರ ಹೇಳು? ಗವಂತಿಯೋ, ಮುರಗಿಯೋ?" ಅಂತ ಕೇಳಿದ್ಲು.

ನನಗ ಸೂಜಿಗೆ ದಾರಾ ಪೋಣಸಾಕ ಸೈತ ಬರೂದಿಲ್ಲ. ಅಪ್ಪ ನೆಲಾ ನೋಡಾಕ ಸುರು ಮಾಡಿದ. ಅವ್ವ ಸೆರಗು ತಿದ್ದಾಕತ್ತಿದ್ಲು. ಪಡಸಾಲ್ಯಾಗ ಎಲ್ಲಾರೂ ನನ್ನ ಬಾಯಿ ನೋಡಾಕತ್ತಿದ್ರು.

ಪರದೆ ಸರಿಸಿಕೊಂಡು ಅಕ್ಕ ಹೊರಗ ಬಂದ್ಲು. ಕೈಯಾಗ ಉಪ್ಪಿಟ್ಟಿನ ತಾಟು.

"ಮುರಗಿ ರೀ ಅಜ್ಜಿ" ಅಂದ್ಲು. "ಆಕಿ ಭಾಳ ನಾಚತಾಳ, ಹೊಸಬರ ಮುಂದ ಬಾಯಿನ ಬಿಡೂದಿಲ್ಲ. ಇದನ್ನ ಹಾಕೂ ಮುಂದ ನಾ ಮಗ್ಗಲಕ ಕುಂತು ನೋಡೇನಿ. ಎಳಿ ಎಣಿಸಿ ಎಣಿಸಿ ಕಣ್ಣು ಕೆಂಪಾಗತಿದ್ದುವು ಆಕಿಗೆ." ಹೇಳಿ, ಅಜ್ಜಿ ಕೈಗೆ ತಾಟು ಕೊಟ್ಲು. ಮುದುಕಿ ಖುಷಿಯಾಗಿ ನನ್ನ ತಲಿ ಮ್ಯಾಲ ಕೈ ಇಟ್ಲು. ರಾಣೇಬೆನ್ನೂರಿನವರು ಅವತ್ತ ಒಪ್ಪಿಗಿ ಹೇಳಿ, ಉಪ್ಪಿಟ್ಟು ತಿಂದು, ಎರಡೆರಡು ಕಪ್ಪು ಚಾ ಕುಡಿದು ಹೋದ್ರು.

ನಾ ಅಡಗಿಮನಿಗೆ ಹೋದೆ. ಅಕ್ಕ ಬಚ್ಚಲದಾಗ ಕುಂತು ಉಂಡ ತಾಟು ತಿಕ್ಕಾಕತ್ತಿದ್ಲು.

"ಅಕ್ಕಾ, ಅವತ್ತ ನಾನೂ ಹಂಗ ಹೊರಗ ಬರಬೇಕಾಗಿತ್ತು" ಅಂದೆ. ಇಷ್ಟು ವರ್ಷಕ್ಕ ಅದೊಂದು ಮಾತು ಬಾಯಿಂದ ಬಂತು.

ಆಕಿ ತಿಕ್ಕೂದು ನಿಲ್ಲಿಸಲಿಲ್ಲ.

"ಬರ್ತಿ ಅಂತ ಭಾಳ ಹೊತ್ತು ನೋಡಿದೆ" ಅಂದ್ಲು. "ಪರದೆ ಕೆಳಗ ನಿನ್ನ ಕಾಲು ಕಾಣತಿದ್ದುವು."